ಗೆಳೆಯನ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಜಿಪ್ಸಿಯ ಕಮಾನ್ ಪಟ್ಟಾ ಬದಲಿಸುವ ಬಗೆ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗುಡಿಬಂಡೆಗಳ ಕಡೆ ಹಳೆಯ ಮಾರುತಿ ಜಿಪ್ಸಿ ಇಟ್ಟುಕೊಂಡವರ ನಡುವೆ ಸಸ್ಪೆನ್ಷನ್ನಿನ, ಅಂದರೆ ಗಾಡಿಯ ಮೈಯನ್ನು ಗಾಲಿಗಳ ಮೇಲೆ ಹೊರುವ ಸ್ಪ್ರಿಂಗಿನ ಏರ್ಪಾಡಿನ, ಮಾತು ಬಂದರೆ ಮೊದಲು ಏಳುವ ಪ್ರಶ್ನೆ, ಗಾಡಿ ಎಷ್ಟು ಇಂಚು ಮೇಲೇಳುತ್ತದೆ ಎಂಬುದು. ಕೆಲಸಕ್ಕೆ ಕೈ ಹಾಕುವ ಮೊದಲೇ ಆ ಪ್ರಶ್ನೆಯನ್ನು ಬದಿಗಿಡುವುದು ಒಳ್ಳೆಯದು. ನಂದಿ ಬೆಟ್ಟದ ಸಾಲಿನ ಬುಡದ ಕಲ್ಲುದಾರಿಗಳಲ್ಲಾಗಲಿ, ಮಳೆನೀರು ಕೊರೆದ ಕೆಮ್ಮಣ್ಣಿನ ಬಂಡಿಜಾಡಿನಲ್ಲಾಗಲಿ ಜಿಪ್ಸಿ ಸಿಕ್ಕಿಕೊಳ್ಳುವುದು ಹೊಟ್ಟೆ ನೆಲಕ್ಕೆ ತಗುಲಿ ಎನ್ನುವುದಕ್ಕಿಂತ, ಓರೆಯಾಗಿ ಎದುರಾದ ಹಳ್ಳದಲ್ಲಿ ಮುಂದಿನ ಒಂದು ಗಾಲಿ ಮತ್ತು ಹಿಂದಿನ ಎದುರು ಬದಿಯ ಇನ್ನೊಂದು ಗಾಲಿ ನೆಲ ಬಿಟ್ಟು ಗಾಳಿಯಲ್ಲಿ ನಿಂತಾಗ. ಇಂಜಿನ್ನಿನ ಬಲವನ್ನು ಎಡಬಲದ ಗಾಲಿಗಳಿಗೆ ಹಂಚುವ, ಲಾಕ್ ಇಲ್ಲದ ಡಿಫ್ರೆನ್ಶಿಯಲ್ ಆ ಎರಡೂ ಗಾಲಿಗಳಿಗೆ ಸಮನಾದ ಬಲವನ್ನೇ ಕೊಡುವುದರಿಂದ, ಗಾಳಿಯಲ್ಲಿ ಸುಮ್ಮನೆ ತಿರುಗುವ ಗಾಲಿಗೆ ಎಷ್ಟು ಕಡಿಮೆ ಬಲ ಸಾಕೋ ನೆಲದ ಮೇಲಿರುವ ಗಾಲಿಗೂ ಅಷ್ಟೇ ಸಿಗುತ್ತದೆ. ಇಂಜಿನ್ ಎಷ್ಟು ಕೂಗಿದರೂ ಗಾಡಿ ಕದಲುವುದಿಲ್ಲ. ಆದ್ದರಿಂದ ಇಲ್ಲಿ ವಿವರಿಸುವ ಕೆಲಸದ ಗುರಿ, ಗಾಡಿಯ ಎತ್ತರವನ್ನು ಹೆಚ್ಚುಕಡಿಮೆ ಇದ್ದಲ್ಲೇ ಇಟ್ಟು, ನಾಲ್ಕೂ ಗಾಲಿಗಳು ಆದಷ್ಟು ಹೊತ್ತು ನೆಲಕ್ಕೆ ಅಂಟಿಕೊಂಡಿರುವಂತೆ ಮಾಡುವುದು.

ಎತ್ತರವನ್ನು ಬಿಡಲು ಇನ್ನೊಂದು ಕಾರಣವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸಜೆಯನ್ನೋ ಎರಡನ್ನೂ ಒಟ್ಟಿಗೋ ವಿಧಿಸಬಹುದು. ಸವೆದ ಭಾಗವನ್ನು ಅದೇ ಅಳತೆಯ ಒಳ್ಳೆಯ ಭಾಗದಿಂದ ಬದಲಿಸುವುದು ಬೇರೆ, ಚಾಸಿಯನ್ನು (ಗಾಡಿಯ ಉಕ್ಕಿನ ತಳಚೌಕಟ್ಟನ್ನು) ಕೊಯ್ದು ಬೆಸುಗೆ ಹಾಕಿ ಗಾಡಿಯನ್ನು ಒಂದು ಮೊಳ ಎತ್ತುವುದು ಬೇರೆ. ಈ ಬರಹ ಮೊದಲನೆಯದಕ್ಕೆ ಸೀಮಿತವಾಗಿದೆ.

ಮಾರುತಿ ಜಿಪ್ಸಿ ನಮ್ಮ ದೇಶದಲ್ಲಿ 1985ರಲ್ಲಿ ಬಂತು, 1.3 ಲೀಟರ್ ಇಂಜಿನ್ನಿನ ಜಿಪ್ಸಿ ಕಿಂಗ್ 1996ರಲ್ಲಿ. ಎರಡರಲ್ಲೂ ಹಿಂದೆ ಮುಂದೆ ಎಡಬಲದ ಗಾಲಿಗಳನ್ನು ಸೇರಿಸುವ ಒಂದೇ ಗಟ್ಟಿ ಆಕ್ಸಲ್, ನಾಲ್ಕು ಮೂಲೆಗೂ ಲೀಫ್ ಸ್ಪ್ರಿಂಗ್, ಅಂದರೆ ಬಾಗಿದ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ, ಲಾರಿ ಗ್ಯಾರೇಜುಗಳಲ್ಲಿ ಕಮಾನ್ ಪಟ್ಟಾ ಎನ್ನುವುದು. ಮನೆಯ ಶೆಡ್ಡಿನಲ್ಲಿ ಮಾಡಲು ಇದಕ್ಕಿಂತ ಸೂಕ್ತವಾದ ಸಸ್ಪೆನ್ಷನ್ ಇನ್ನೊಂದಿಲ್ಲ, ಏಕೆಂದರೆ ಆಕ್ಸಲ್ಲನ್ನು ಜಾಕಿನ ಮೇಲೆ ಹಿಡಿದು ಭಾರ ಇಳಿಸಿದರೆ ಪಟ್ಟಾ ತನ್ನ ಸಹಜ ಬಾಗಿಗೆ ಬಂದು ಸುಮ್ಮನಾಗುತ್ತದೆ. ಕಾಯಿಲ್ ಸ್ಪ್ರಿಂಗನ್ನು ಒತ್ತಿ ಹಿಡಿದು ಬಿಚ್ಚುವಾಗ ಅದು ಜಾರಿ ಹಾರಿದರೆ ಕೈಯನ್ನೋ ಪ್ರಾಣವನ್ನೋ ತೆಗೆಯಬಲ್ಲದು. 2020ರ ನಂತರದ ಥಾರ್‌ನಲ್ಲಿ ನಾಲ್ಕು ಕಡೆಯೂ ಕಾಯಿಲ್ ಇರುವುದರಿಂದ ಅದರ ಮಾಲೀಕರಿಗೆ ಈ ಬರಹ ಉಪಯೋಗಕ್ಕೆ ಬಾರದು. 2010ರಲ್ಲಿ ಬಂದ ಮೊದಲ ಥಾರ್‌ನ ಹಿಂಭಾಗಕ್ಕೆ, ಹಳೆಯ ಮಹೀಂದ್ರ ಜೀಪುಗಳಿಗೆ ಬಹುಪಾಲು ಅನ್ವಯಿಸುತ್ತದೆ.

ಜಾಗ ಮತ್ತು ದಿನ

ನಾನು ಈ ಕೆಲಸ ಮಾಡಿದ್ದು ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ, ಗೆಳೆಯನ ಮನೆಯ ಟ್ರ್ಯಾಕ್ಟರ್ ಶೆಡ್ಡಿನಲ್ಲಿ. ಅದರ ಒಂದು ಗೋಡೆಯ ಆಚೆಗೆ ಹುಳು ಮನೆ. ರೇಷ್ಮೆ ಸಾಕುವ ಮನೆಯಲ್ಲಿ ಗಾಡಿ ಕೆಲಸ ಇಟ್ಟುಕೊಳ್ಳುವವರು ಪಂಚಾಂಗಕ್ಕಿಂತ ಮೊದಲು ಬೆಳೆಯ ದಿನ ನೋಡಬೇಕು. ಹುಳು ಮೇಯುತ್ತಿರುವಾಗ ತುಕ್ಕು ಬಿಡಿಸುವ ಸ್ಪ್ರೇ, ಪೆಟ್ರೋಲ್, ಗ್ರೈಂಡರಿನ ಹೊಗೆ ಯಾವುದನ್ನೂ ಹತ್ತಿರ ತರುವಂತಿಲ್ಲ; ಸಾಕುವವರು ಕಟುವಾಸನೆಯನ್ನೇ ಬಾಗಿಲೊಳಗೆ ಬಿಡುವುದಿಲ್ಲ. ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಚಾಕಿ (ಎಳೆಯ ಹುಳು) ಮನೆಗೆ ಬರುವ ಮೊದಲು ಸಿಗುವ ಬಿಡುವಿನಲ್ಲೇ ಕೆಲಸ ಮುಗಿಯಬೇಕು. ಗೆಳೆಯನ ತಾಯಿ, "ನಿಮ್ಮ ಗಾಡಿ ನಾಳೆಗೂ ಇದ್ದೀತು, ನಮ್ಮ ಹುಳ ಇರಲ್ಲ ಕಣಪ್ಪ" ಎಂದು ಎರಡು ಸಲ ನಮ್ಮನ್ನು ವಾಪಸ್ಸು ಕಳಿಸಿದ್ದರು, ಅದು ಸರಿಯೇ ಆಗಿತ್ತು. ಹಳೆಯ ಗ್ರೀಸು, ಎಣ್ಣೆ ಬಟ್ಟೆಗಳನ್ನು ಹಿಪ್ಪುನೇರಳೆ ತೋಟದ ಕಡೆ ಎಸೆಯದೆ ಡಬ್ಬಿಯೊಂದರಲ್ಲಿ ಹಾಕಿ ಕೊಂಡೊಯ್ಯಬೇಕು.

ನೆಲ ಸಮತಟ್ಟಾದ ಕಾಂಕ್ರೀಟ್ ಆಗಿರಬೇಕು. ಮಣ್ಣಿನ ನೆಲವಾದರೆ ಎತ್ತಿದ ಗಾಡಿಯನ್ನು ಹೊರುವ ಸ್ಟ್ಯಾಂಡುಗಳ ಕೆಳಗೆ ದಪ್ಪ ಕಬ್ಬಿಣದ ತಗಡನ್ನೋ ಹಲಗೆಯನ್ನೋ ಹಾಸದಿದ್ದರೆ ಅವು ಗಂಟೆಯೊಳಗೆ ಒಂದು ಪಕ್ಕಕ್ಕೆ ವಾಲತೊಡಗುತ್ತವೆ. ನಮ್ಮ ಕಡೆ ಕಲ್ಲು ಕ್ವಾರಿಗಳು ಹೆಚ್ಚಾದ್ದರಿಂದ ಪ್ರತಿ ಮನೆಯ ಹಿಂದೆಯೂ ಸೈಜುಗಲ್ಲುಗಳ ರಾಶಿ ಇರುತ್ತದೆ, ಜಾಕಿಯ ಬದಲು ಅವನ್ನೇ ಪೇರಿಸಿ ಗಾಡಿ ನಿಲ್ಲಿಸುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಗ್ರಾನೈಟು ಭಾರ ಹೊರುತ್ತದೆ, ಆದರೆ ಚಾಸಿಯ ಅಂಚು ಒಂದೇ ಬಿಂದುವಿನಲ್ಲಿ ಒತ್ತಿದಾಗ ಯಾವ ಮುನ್ಸೂಚನೆಯೂ ಇಲ್ಲದೆ ಸೀಳಿಹೋಗುತ್ತದೆ; ಟೊಳ್ಳು ಸಿಮೆಂಟ್ ಇಟ್ಟಿಗೆಯಂತೂ ಪುಡಿಯೇ ಆಗುತ್ತದೆ. ಜಿಪ್ಸಿ ಸುಮಾರು ಒಂದು ಟನ್ ತೂಗುವ ಹಗುರ ಗಾಡಿಯಾದರೂ ಮೂರು ಟನ್ ಸಾಮರ್ಥ್ಯದ ನಾಲ್ಕು ಉಕ್ಕಿನ ಸ್ಟ್ಯಾಂಡು, ಒಂದು ಟ್ರಾಲಿ ಜಾಕ್, ಆಕ್ಸಲ್ ಹಿಡಿಯಲು ಇನ್ನೊಂದು ಬಾಟಲ್ ಜಾಕ್ ಇರಲಿ. ಉಳಿದಂತೆ ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್ಟು, ಉದ್ದ ಹಿಡಿಯ ಬ್ರೇಕರ್ ಬಾರ್, ಬಿಗಿಯುವ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್, ವೈರ್ ಬ್ರಷ್, ಸಿ ಕ್ಲ್ಯಾಂಪ್, ದೊಡ್ಡ ಸುತ್ತಿಗೆ ಸಾಕು. ಟಾರ್ಕ್ ರೆಂಚನ್ನು ಬಾಡಿಗೆಗಾದರೂ ತರಬೇಕು. ಪಟ್ಟಾವನ್ನು ಆಕ್ಸಲ್ಲಿಗೆ ಕಟ್ಟಿಹಿಡಿಯುವ ಯು ಬೋಲ್ಟನ್ನು ಕೈ ಅಂದಾಜಿನಲ್ಲಿ ಬಿಗಿಯುವವರು ಒಂದೋ ಕಡಿಮೆ ಬಿಗಿಯುತ್ತಾರೆ, ಇಲ್ಲವೇ ಬೋಲ್ಟಿನ ಮರೆ (ತಿರುಪಿನ ಸುತ್ತು) ಕೀಳುವಷ್ಟು ಬಿಗಿಯುತ್ತಾರೆ.

ಬಿಚ್ಚುವ ಮೊದಲು ಅಳತೆ

ಈ ಹಂತವನ್ನು ಬಿಟ್ಟು ನೇರವಾಗಿ ಸ್ಪ್ಯಾನರ್ ಹಿಡಿಯುವವರೇ ಹೆಚ್ಚು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನಾಲ್ಕು ಟೈರುಗಳ ಗಾಳಿಯನ್ನು ಸರಿಮಾಡಿ, ಒಂದೆರಡು ಅಡಿ ಹಿಂದೆ ಮುಂದೆ ಓಡಿಸಿ ಪಟ್ಟಾಗಳನ್ನು ಸಡಿಲಗೊಳಿಸಿದ ಮೇಲೆ, ಪ್ರತಿ ಗಾಲಿಯ ಹಬ್ಬಿನ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗಿನ ದೂರವನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಬೇಕು. ಟೈರು ಸವೆದಿದ್ದರೂ ದೊಡ್ಡದಿದ್ದರೂ ಈ ಅಳತೆ ಬದಲಾಗುವುದಿಲ್ಲ ಎಂಬುದೇ ಇದರ ಅನುಕೂಲ. ವರ್ಷಗಟ್ಟಲೆ ಒಬ್ಬರೇ ಓಡಿಸಿದ ಗಾಡಿಯಲ್ಲಿ ಚಾಲಕನ ಬದಿಯ ಪಟ್ಟಾ ಬಳಲಿ ಆ ಮೂಲೆ ತಗ್ಗಿರುವುದು ಸಾಮಾನ್ಯ.

ಎರಡನೆಯ ಅಳತೆ ಎತ್ತರಕ್ಕಿಂತ ಮುಖ್ಯವಾದದ್ದು. ಹೊಲದ ಗಟ್ಟಿ ಬದುವನ್ನೋ ಟ್ರಾಲಿಗೆ ಹತ್ತಿಸುವ ಇಳಿಜಾರನ್ನೋ ಆರಿಸಿಕೊಂಡು ಮುಂದಿನ ಒಂದೇ ಗಾಲಿಯನ್ನು ನಿಧಾನವಾಗಿ ಅದರ ಮೇಲೆ ಹತ್ತಿಸುತ್ತ ಹೋಗಬೇಕು. ಗೆಳೆಯ ದೂರ ನಿಂತು ಉಳಿದ ಮೂರು ಗಾಲಿಗಳನ್ನು ಗಮನಿಸುತ್ತಿರಬೇಕು. ಅವುಗಳಲ್ಲಿ ಯಾವುದಾದರೊಂದು ನೆಲ ಬಿಡಲು ತೊಡಗಿದ ಕೂಡಲೇ ಗಾಡಿ ನಿಲ್ಲಿಸಿ, ಹತ್ತಿದ ಗಾಲಿ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಬೇಕು. ಕೆಲಸ ಮುಗಿದ ಮೇಲೆ ಅದೇ ಬದುವಿನ ಮೇಲೆ ಅದೇ ಗಾಲಿಯನ್ನು ಹತ್ತಿಸಿ ಮತ್ತೆ ಅಳೆದರೆ, ಖರ್ಚು ಮಾಡಿದ ದುಡ್ಡಿಗೆ ಏನು ಬಂತು ಎಂಬುದಕ್ಕೆ ಅದೊಂದೇ ಪ್ರಾಮಾಣಿಕ ಉತ್ತರ.

ಈ ಹೊತ್ತಿನಲ್ಲೇ ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿ. ಪ್ಲೇಟುಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟಿನ ಹತ್ತಿರ ಪ್ಲೇಟು ಬಿರುಕು ಬಿಟ್ಟಿದೆಯೇ, ಭಾರವಿಲ್ಲದಾಗಲೂ ಪಟ್ಟಾ ಉಲ್ಟಾ ಬಾಗಿದೆಯೇ, ಪಟ್ಟಾದ ತುದಿಯ ಕಣ್ಣಿನೊಳಗಿನ ಬುಷ್ ಒಡೆದು ಬೋಲ್ಟು ಒಂದು ಬದಿಗೆ ಕೂತಿದೆಯೇ, ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿದೆಯೇ ಎಂಬುದನ್ನು ಒಂದೊಂದಾಗಿ ಗಮನಿಸಬೇಕು. ಬಹಳ ಗಾಡಿಗಳಲ್ಲಿ ಪ್ಲೇಟುಗಳ ನಡುವೆ ತುಕ್ಕು ಕಟ್ಟಿ ಅವು ಒಂದರ ಮೇಲೊಂದು ಜಾರದೆ ಇಡೀ ಪಟ್ಟಾ ಒಂದೇ ದಿಮ್ಮಿಯಂತಾಗಿರುತ್ತದೆ. ಅಂಥದ್ದರಲ್ಲಿ ಬಾಗು ಚೆನ್ನಾಗಿದ್ದು ಬಿರುಕಿಲ್ಲದಿದ್ದರೆ ಹೊಸದು ಕೊಳ್ಳಬೇಕಾಗಿಯೇ ಇಲ್ಲ; ಬಿಚ್ಚಿ, ಉಜ್ಜಿ, ಗ್ರಾಫೈಟ್ ಗ್ರೀಸ್ ಸವರಿ, ಬುಷ್ ಮತ್ತು ಶಾಕ್ ಅಬ್ಸಾರ್ಬರ್ ಮಾತ್ರ ಬದಲಿಸಿದರೆ ಅರ್ಧ ಖರ್ಚಿನಲ್ಲಿ ಮುಕ್ಕಾಲು ಫಲ ಸಿಗುತ್ತದೆ.

ಯಾವ ಭಾಗ ಕೊಳ್ಳಬೇಕು

ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ಜೆ.ಸಿ. ರಸ್ತೆ ಬೆಳಗ್ಗೆ ಹೋಗಿ ಮಧ್ಯಾಹ್ನ ಬರುವ ದೂರ. ಆದರೆ ಅಲ್ಲಿಗೆ ಹೋಗುವ ಮೊದಲು ಏನು ಬೇಕೆಂಬುದು ಖಚಿತವಾಗಿರಬೇಕು, ಇಲ್ಲದಿದ್ದರೆ ಅಂಗಡಿಯವರ ಬಳಿ ಏನಿದೆಯೋ ಅದು ನಿಮ್ಮ ಗಾಡಿಗೆ ಬರುತ್ತದೆ.

ಹೆದ್ದಾರಿ ಬದಿಯ ಪಟ್ಟಾ ಕೆಲಸದವರು ತಗ್ಗಿದ ಗಾಡಿಗೆ ಸಾಮಾನ್ಯವಾಗಿ ಸೂಚಿಸುವ ಪರಿಹಾರ, ಇನ್ನೊಂದು ದಪ್ಪ ಪ್ಲೇಟು ಸೇರಿಸುವುದು. ಜಲ್ಲಿ ಹೊರುವ ಲಾರಿಗೆ ಅದು ಸರಿ. ಜಿಪ್ಸಿಗೆ ಏಕೆ ಸರಿಯಲ್ಲ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು: ಪ್ಲೇಟಿನ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ, ಉದ್ದದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ. 6 ಮಿಲಿಮೀಟರಿನ ಪ್ಲೇಟಿನ ಜಾಗದಲ್ಲಿ 7 ಮಿಲಿಮೀಟರಿನದು ಹಾಕಿದರೆ, ಒಂದೇ ಒಂದು ಮಿಲಿಮೀಟರಿಗೆ ಬಿಗಿತ ಸುಮಾರು 59 ಶೇಕಡಾ ಹೆಚ್ಚುತ್ತದೆ; ಗಾಡಿ ಮೇಲೇಳುತ್ತದೆ, ಆದರೆ ಗಾಲಿ ಕೆಳಗಿಳಿಯುವುದನ್ನು ಮರೆತು ಹಳ್ಳ ಬಂದಾಗಲೆಲ್ಲ ನೆಲ ಬಿಡುತ್ತದೆ. ಹಳೆಯ ಪ್ಲೇಟನ್ನು ಸುತ್ತಿಗೆಯಿಂದ ಬಡಿದು ಬಾಗು ಏರಿಸಿಕೊಡುವುದೂ ಉಂಟು. ಸರಿಯಾದ ಶಾಖ ಕೊಟ್ಟು ಹದ ಮಾಡದೆ ಬರೀ ತಣ್ಣಗೆ ಬಡಿದದ್ದು ಕೆಲವು ತಿಂಗಳಲ್ಲಿ ಹಿಂದಿನ ಜಾಗಕ್ಕೇ ಮರಳುತ್ತದೆ. ಪ್ಲೇಟಿಗೆ ಬೆಸುಗೆಯನ್ನಂತೂ ಯಾವ ಕಾರಣಕ್ಕೂ ತಗುಲಿಸಬಾರದು, ಆ ಜಾಗದಲ್ಲಿ ಉಕ್ಕು ಪೆಡಸಾಗಿ ಮುರಿಯುತ್ತದೆ.

ಹೊಸದನ್ನೇ ಕೊಳ್ಳುವುದಾದರೆ ಎರಡು ದಾರಿಗಳಿವೆ. ಮೂಲ ಅಳತೆಯ ಬಹುಪ್ಲೇಟಿನ ಪಟ್ಟಾ ಅಗ್ಗ, ಎಲ್ಲ ಕಡೆ ಸಿಗುತ್ತದೆ, ದಾರಿಯಲ್ಲಿ ಒಂದು ಪ್ಲೇಟು ಮುರಿದರೂ ಮನೆ ಸೇರಿಸುತ್ತದೆ. ಪ್ಯಾರಾಬೋಲಿಕ್ ಪಟ್ಟಾದಲ್ಲಿ ಎರಡು ಮೂರೇ ಪ್ಲೇಟುಗಳಿದ್ದು, ಅವು ನಡುವೆ ದಪ್ಪವಾಗಿ ತುದಿಗೆ ತೆಳ್ಳಗಾಗುತ್ತ ಹೋಗುತ್ತವೆ, ನಡುವಿನಲ್ಲೂ ತುದಿಯಲ್ಲೂ ಬಿಟ್ಟರೆ ಒಂದಕ್ಕೊಂದು ತಗುಲುವುದಿಲ್ಲ. ಆದ್ದರಿಂದ ಉಜ್ಜಾಟ ಕಡಿಮೆ, ಸಣ್ಣ ಕಲ್ಲುಗಳ ಮೇಲೂ ಮೃದುವಾಗಿ ಆಡುತ್ತದೆ. ಆ ಉಜ್ಜಾಟವೇ ಹಳೆಯ ಪಟ್ಟಾದಲ್ಲಿ ಒಂದಿಷ್ಟು ಕುಲುಕಾಟವನ್ನು ತಡೆಯುತ್ತಿತ್ತಾದ್ದರಿಂದ ಪ್ಯಾರಾಬೋಲಿಕ್ ಹಾಕುವವರು ಒಳ್ಳೆಯ ಶಾಕ್ ಅಬ್ಸಾರ್ಬರಿಗೂ ದುಡ್ಡು ತೆಗೆದಿಡಬೇಕು. ಯಾವುದನ್ನೇ ಆರಿಸಿದರೂ ನಿಮ್ಮ ನಿಜವಾದ ಹೊರೆಗೆ ಹೊಂದುವುದನ್ನು ಆರಿಸಿ. ವಿಂಚು, ಕಬ್ಬಿಣದ ಬಂಪರು, ಮೇಲಿನ ಕ್ಯಾರಿಯರು ಏನೂ ಇಲ್ಲದ ಗಾಡಿಗೆ ಹೆವಿ ಡ್ಯೂಟಿ ಪಟ್ಟಾ ಹಾಕಿದರೆ ಅದು ಎತ್ತಿನ ಗಾಡಿಯಂತೆ ಕುಲುಕುತ್ತದೆ.

ಶಾಕ್ ಅಬ್ಸಾರ್ಬರಿನಲ್ಲಿ ಗ್ಯಾಸು ತುಂಬಿದ್ದನ್ನು ಕೊಳ್ಳುವುದು ಒಳ್ಳೆಯದು, ಕಾರಣ ತೊಳೆಕಲ್ಲಿನಂತೆ ಅಲೆಅಲೆಯಾಗಿ ಎದ್ದ ಮಣ್ಣುರಸ್ತೆಯಲ್ಲಿ ಬಹಳ ಹೊತ್ತು ಓಡಿಸಿದಾಗ ಸಾಮಾನ್ಯ ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ ಗಾಳಿ ಬೆರೆತು ನೊರೆಯಾಗಿ ಹಿಡಿತ ಕಳೆದುಕೊಳ್ಳುತ್ತದೆ; ಒಳಗಿನ ನೈಟ್ರೋಜನ್ ಒತ್ತಡ ಆ ನೊರೆಯನ್ನು ತಡೆಯುತ್ತದೆ. ಉದ್ದವನ್ನು ಮಾತ್ರ ಅಂಗಡಿಯವರ ಮಾತಿನ ಮೇಲೆ ಕೊಳ್ಳಬಾರದು. ಆಕ್ಸಲ್ ಮೇಲೇರಿ, ಅದರ ಏರಿಕೆಯನ್ನು ತಡೆಯುವ ರಬ್ಬರಿನ ಬಂಪ್ ಸ್ಟಾಪಿಗೆ ತಗುಲಿದಾಗ ಶಾಕ್ ಅಬ್ಸಾರ್ಬರಿನ ಎರಡು ಕಣ್ಣುಗಳ ನಡುವೆ ಎಷ್ಟು ದೂರವಿದೆ, ಆಕ್ಸಲ್ ಪೂರ್ತಿ ತೂಗಿದಾಗ ಎಷ್ಟಿದೆ ಎಂದು ಅಳೆಯಬೇಕು. ಉದಾಹರಣೆಗೆ ಮೊದಲನೆಯದು 290 ಮಿಲಿಮೀಟರ್ ಇದ್ದರೆ, ರಬ್ಬರು ಒತ್ತಿಕೊಳ್ಳುವ 20 ಮಿಲಿಮೀಟರನ್ನು ಕಳೆದು, ಪೂರ್ತಿ ಮುಚ್ಚಿದಾಗ 270ಕ್ಕಿಂತ ಕಡಿಮೆ ಇರುವುದೇ ಬೇಕು. ಅಂಥದ್ದು ತೆರೆದಾಗ ಅದರ ಎರಡರಷ್ಟು ಉದ್ದವಾಗಲಾರದು, ಪಿಸ್ಟನ್ನಿಗೂ ಸೀಲಿಗೂ ಕಣ್ಣುಗಳಿಗೂ ಒಳಗೆ ಜಾಗ ಬೇಕಲ್ಲ. ಹಾಗಾಗಿ ಮೇಲಿನ ಅಳತೆಗೂ ಕೆಳಗಿನ ಅಳತೆಗೂ ನಡುವೆ ಒಪ್ಪಂದ ಮಾಡಿಕೊಳ್ಳುವಾಗ ಯಾವಾಗಲೂ ಮುಚ್ಚಿದ ಉದ್ದವನ್ನೇ ಕಾಯ್ದುಕೊಳ್ಳಬೇಕು. ನಾನು ಮೊದಲ ಸಲ ಉದ್ದನೆಯದು ಒಳ್ಳೆಯದೆಂದು ತಂದದ್ದು, ಆವಲಬೆಟ್ಟದ ಕಡೆಯ ದಾರಿಯ ಒಂದೇ ಗುಂಡಿಯಲ್ಲಿ ಬಂಪ್ ಸ್ಟಾಪಿಗಿಂತ ಮೊದಲೇ ತಳ ಮುಟ್ಟಿ ಚಾಸಿಯ ಮೇಲಿನ ಹಿಡಿಕೆಯನ್ನೇ ಬಾಗಿಸಿತು.

ಬುಷ್‌ಗಳಲ್ಲಿ ಪಾಲಿಯುರೇಥೇನಿನವು ಬಾಳಿಕೆ ಬರುತ್ತವೆ, ಡಾಂಬರು ರಸ್ತೆಯಲ್ಲಿ ಗಾಡಿ ಬಿಗಿಯಾಗಿ ತಿರುಗುತ್ತದೆ. ಆದರೆ ಪಟ್ಟಾ ಓರೆಯಾಗಿ ತಿರುಚಿಕೊಳ್ಳಬೇಕಾದ ಕಡೆ ರಬ್ಬರೇ ಮೇಲು ಎಂಬುದು ನನ್ನ ಅನುಭವ, ಬೆಲೆಯೂ ಕಡಿಮೆ. ಇದರ ಜೊತೆಗೆ ನಾಲ್ಕು ಮೂಲೆಗೂ ಹೊಸ ಯು ಬೋಲ್ಟು, ನಟ್ಟು, ಸೆಂಟರ್ ಬೋಲ್ಟುಗಳನ್ನು ತಪ್ಪದೆ ತರಬೇಕು. ಒಮ್ಮೆ ಬಿಗಿದು ಎಳೆದುಕೊಂಡ ಯು ಬೋಲ್ಟು ಮತ್ತೆ ಅದೇ ಹಿಡಿತ ಕೊಡುವುದಿಲ್ಲ.

ಉದ್ದನೆಯ ಶ್ಯಾಕಲ್ (ಪಟ್ಟಾದ ಒಂದು ತುದಿಯನ್ನು ಚಾಸಿಗೆ ಸೇರಿಸುವ, ಆಡುವ ಕೊಂಡಿ) ಹಾಕಿ ಅಗ್ಗದಲ್ಲಿ ಎತ್ತರ ಪಡೆಯುವ ಉಪಾಯವನ್ನು ಯಾರಾದರೂ ಖಂಡಿತ ಹೇಳುತ್ತಾರೆ. ಶ್ಯಾಕಲ್ 50 ಮಿಲಿಮೀಟರ್ ಉದ್ದವಾದರೆ ಗಾಡಿ ಏಳುವುದು ಅದರ ಅರ್ಧ, ಸುಮಾರು 25 ಮಿಲಿಮೀಟರ್ ಮಾತ್ರ. ಜಿಪ್ಸಿಯ ಮುಂಭಾಗದಲ್ಲಿ ಶ್ಯಾಕಲ್ ಇರುವುದು ಪಟ್ಟಾದ ಮುಂದಿನ ತುದಿಗೆ. ಅದು ಉದ್ದವಾದಷ್ಟೂ ಆಕ್ಸಲ್ ಮುಂದಕ್ಕೆ ವಾಲಿ ಕ್ಯಾಸ್ಟರ್ ಕೋನ, ಅಂದರೆ ಮುಂದಿನ ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ, ತಿರುಗಿಸಿದ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ನಿಲ್ಲುತ್ತದೆ, ಹೆದ್ದಾರಿಯಲ್ಲಿ ಗಾಡಿ ಅಲೆಯುತ್ತದೆ. ಅದನ್ನು ಸರಿಪಡಿಸಲು ಬೆಣೆ ಹಾಕುವುದು, ಬೆಣೆಗಾಗಿ ಇನ್ನೊಂದನ್ನು ತಿದ್ದುವುದು ಹೀಗೆ ಕೆಲಸ ಬೆಳೆಯುತ್ತ ಹೋಗುತ್ತದೆ. ಮೂಲ ಅಳತೆಯ ಶ್ಯಾಕಲ್ಲೇ ಇರಲಿ. ಗ್ರೀಸ್ ನಿಪ್ಪಲ್ ಇರುವುದು ಸಿಕ್ಕರೆ ಸಂತೋಷ.

ಬಿಚ್ಚುವುದು ಮತ್ತು ಕೂಡಿಸುವುದು

ಕೆಲಸಕ್ಕೆ ಎರಡು ದಿನ ಮೊದಲಿಂದಲೇ ಪ್ರತಿ ಸಂಜೆ ಎಲ್ಲ ಬೋಲ್ಟುಗಳನ್ನು ವೈರ್ ಬ್ರಷ್ಷಿನಿಂದ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಹಾಕಿಡಬೇಕು. ಹಿಂಭಾಗದಿಂದ ಆರಂಭಿಸಿ, ಅಲ್ಲಿ ಸ್ಟೀರಿಂಗಿನ ತೊಡಕಿಲ್ಲದ್ದರಿಂದ ಕೈ ಪಳಗುತ್ತದೆ.

ಮುಂದಿನ ಎರಡು ಗಾಲಿಗಳಿಗೆ ಹಿಂದೆಯೂ ಮುಂದೆಯೂ ಮರದ ಅಡೆ ಕೊಟ್ಟು, ಗಾಡಿಯನ್ನು ಗೇರಿನಲ್ಲಿಟ್ಟು ಫೋರ್ ವ್ಹೀಲಿನ ಲಿವರನ್ನೂ ಹಾಕಿಡಬೇಕು. ಹ್ಯಾಂಡ್‌ಬ್ರೇಕನ್ನು ಮಾತ್ರ ನಂಬಬಾರದು. ಕೆಲವು ಹಳೆಯ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕು ಗಾಲಿಯನ್ನು ಹಿಡಿಯದೆ, ಇಂಜಿನ್ನಿನ ಬಲವನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಅಂಥದ್ದರಲ್ಲಿ ಹಿಂದಿನ ಒಂದು ಗಾಲಿ ಮೇಲೆದ್ದ ಕೂಡಲೇ ಅದು ಒಂದು ಕಡೆಗೆ, ನೆಲದ ಮೇಲಿನ ಗಾಲಿ ಇನ್ನೊಂದು ಕಡೆಗೆ ತಿರುಗಿ, ಬ್ರೇಕು ಎಳೆದಿದ್ದರೂ ಗಾಡಿ ಉರುಳುತ್ತದೆ. ಡಿಫ್ರೆನ್ಶಿಯಲ್ ಹೌಸಿಂಗಿನ ಕೆಳಗೆ ಟ್ರಾಲಿ ಜಾಕ್ ಕೊಟ್ಟು ಎತ್ತಿ, ಪಟ್ಟಾದ ಮುಂದಿನ ಹಿಡಿಕೆಗಿಂತ ಸ್ವಲ್ಪ ಮುಂದೆ, ಚಾಸಿಯ ಎರಡೂ ಉದ್ದದ ತೊಲೆಗಳ ಕೆಳಗೆ ಸ್ಟ್ಯಾಂಡುಗಳನ್ನಿಟ್ಟು ಇಳಿಸಬೇಕು. ಗಾಡಿಯ ಕೆಳಗೆ ಹೋಗುವ ಮೊದಲು ಬಂಪರು ಹಿಡಿದು ಜೋರಾಗಿ ಅಲುಗಾಡಿಸಿ ನೋಡಿ. ಬೀಳುವುದಿದ್ದರೆ ಈಗಲೇ ಬೀಳಲಿ. ಬಿಚ್ಚಿದ ಗಾಲಿಗಳನ್ನು ಚಾಸಿಯ ಕೆಳಗೆ ಮಲಗಿಸಿಡುವುದು ಎರಡನೆಯ ಕಾವಲು.

ಮೂಲ ನಿಯಮ ಒಂದೇ: ಒಂದು ಸಲಕ್ಕೆ ಒಂದು ಬದಿ. ಎರಡೂ ಬದಿಯ ಪಟ್ಟಾಗಳನ್ನು ಒಟ್ಟಿಗೆ ತೆಗೆದರೆ ಆಕ್ಸಲ್ಲಿಗೆ ತನ್ನ ಜಾಗವೇ ಗೊತ್ತಿಲ್ಲದಂತಾಗಿ, ಜಾಕಿನ ಮೇಲೆ ಸುತ್ತತೊಡಗುತ್ತದೆ, ಬ್ರೇಕ್ ಪೈಪನ್ನು ಎಳೆಯುತ್ತದೆ, ಮತ್ತೆ ಕೂಡಿಸಲು ಅರ್ಧ ದಿನ ಹೋಗುತ್ತದೆ. ಕೆಲಸ ಮಾಡುವ ಬದಿಯ ಶಾಕ್ ಅಬ್ಸಾರ್ಬರನ್ನು ಮೊದಲು ಬಿಚ್ಚಿ, ಆಕ್ಸಲ್ಲಿನ ಆ ತುದಿಯನ್ನು ಬಾಟಲ್ ಜಾಕಿನಿಂದ ಭಾರ ಹೊರುವಷ್ಟೇ ಹಿಡಿದು, ಯು ಬೋಲ್ಟಿನ ನಟ್ಟುಗಳನ್ನು ತೆಗೆಯಬೇಕು. ಜಿಪ್ಸಿಯಲ್ಲಿ ಪಟ್ಟಾ ಆಕ್ಸಲ್ಲಿನ ಕೆಳಗಿರುವುದರಿಂದ ಕೊನೆಯ ನಟ್ಟು ಬರುತ್ತಿದ್ದಂತೆ ಪಟ್ಟಾದ ನಡು ಕೆಳಗೆ ಜಾರುತ್ತದೆ. ಗೆಳೆಯ ಅದನ್ನು ಹಿಡಿದಿರಲಿ, ಯಾರ ಕಾಲೂ ಅದರ ಕೆಳಗಿರದಿರಲಿ. ಆಮೇಲೆ ಶ್ಯಾಕಲ್ಲಿನ ಬೋಲ್ಟು, ಕೊನೆಗೆ ಇನ್ನೊಂದು ತುದಿಯ ಹಿಡಿಕೆಯ ಬೋಲ್ಟು.

ಈ ಕೊನೆಯ ಬೋಲ್ಟೇ ದಿನವನ್ನು ತಿನ್ನುವುದು. ಬುಷ್ಷಿನ ಒಳಗಿನ ಕೊಳವೆಗೆ ಅದು ತುಕ್ಕಿನಿಂದ ಬೆಸೆದುಹೋಗಿರುತ್ತದೆ. ಗ್ಯಾಸ್ ಜ್ವಾಲೆಯಿಂದ ಬುಷ್ ಸುಟ್ಟು ತೆಗೆಯುವುದನ್ನು ಮನೆಯಲ್ಲಿ ಮಾಡಬಾರದು. ಜಿಪ್ಸಿ ಪೆಟ್ರೋಲ್ ಗಾಡಿ, ಟ್ಯಾಂಕು ಹಿಂಭಾಗದಲ್ಲೇ ಇದೆ. ಹಿಡಿಕೆಗೂ ಪಟ್ಟಾದ ಕಣ್ಣಿಗೂ ನಡುವಿನ ಸಂದಿಯಲ್ಲಿ ಆಕ್ಸಾ ಬ್ಲೇಡು ತೂರಿಸಿ ಬೋಲ್ಟನ್ನು ಎರಡೂ ಕಡೆ ಕೊಯ್ಯುವುದು ನಿಧಾನ, ಆದರೆ ಕಿಡಿಯಿಲ್ಲ. ಗ್ರೈಂಡರ್ ಬಳಸಲೇಬೇಕಾದರೆ ಟ್ಯಾಂಕಿನ ಕಡೆಗೆ ಒದ್ದೆ ಗೋಣಿಚೀಲ ಅಡ್ಡ ಹಿಡಿದು, ಬಕೆಟ್ಟಿನಲ್ಲಿ ಮರಳು ಇಟ್ಟುಕೊಂಡು, ಬ್ರೇಕ್ ಪೈಪಿಗೆ ಕಿಡಿ ತಾಗದಂತೆ ನೋಡಿಕೊಳ್ಳಬೇಕು.

ಹೊಸ ಪಟ್ಟಾ ಕೂಡಿಸುವಾಗ ಮೊದಲು ಶ್ಯಾಕಲ್ ಇಲ್ಲದ ತುದಿ, ಆಮೇಲೆ ಶ್ಯಾಕಲ್ ತುದಿ. ಎರಡೂ ಬೋಲ್ಟುಗಳನ್ನು ನಟ್ಟು ಬೀಳದಷ್ಟು ಮಾತ್ರ ಕೈಯಿಂದ ತಿರುಗಿಸಿಡಬೇಕು. ಸೆಂಟರ್ ಬೋಲ್ಟಿನ ಗುಂಡುತಲೆ ಆಕ್ಸಲ್ಲಿನ ಪೀಠದಲ್ಲಿರುವ ತೂತಿನೊಳಗೆ ಸರಿಯಾಗಿ ಕೂತಿದೆ ಎಂಬುದನ್ನು ಬೆರಳಿನಿಂದ ಮುಟ್ಟಿ, ಟಾರ್ಚ್ ಹಿಡಿದು ಖಚಿತಪಡಿಸಿಕೊಳ್ಳುವವರೆಗೆ ಯು ಬೋಲ್ಟು ಬಿಗಿಯಬಾರದು. ಅದು ಅರ್ಧ ಕೂತು ಬಿಗಿದುಬಿಟ್ಟರೆ ಆ ಬದಿಯ ಗಾಲಿ ಸ್ವಲ್ಪ ಹಿಂದೆ ನಿಂತು, ಗಾಡಿ ಏಡಿಯಂತೆ ಓರೆಯಾಗಿ ನಡೆಯುತ್ತದೆ. ಯಾವ ಅಲೈನ್‌ಮೆಂಟ್ ಯಂತ್ರವೂ ಅದನ್ನು ಸರಿಪಡಿಸಲಾರದು. ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ, ಕೆಳಗೆ ಉಳಿದ ಮರೆಗಳು ನಾಲ್ಕರಲ್ಲೂ ಸಮವಾಗಿರುವಂತೆ ಏರಿಸುತ್ತ, ಕೊನೆಗೆ ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿರುವ ಟಾರ್ಕಿಗೆ ತರಬೇಕು. ಶಾಕ್ ಅಬ್ಸಾರ್ಬರ್ ಕೂಡಿಸಿದ ಮೇಲೆ ಎದುರು ಬದಿ, ಮರುದಿನ ಮುಂಭಾಗ. ಮುಂಭಾಗದಲ್ಲಿ ಸ್ಟೀರಿಂಗಿನ ಉದ್ದ ರಾಡಿನ ಬಾಲ್ ಜಾಯಿಂಟು ಎಳೆದುಕೊಳ್ಳದಂತೆ ಆಕ್ಸಲ್ಲನ್ನು ಬೇಕಾದ್ದಕ್ಕಿಂತ ಕೆಳಗೆ ಇಳಿಸಬಾರದು ಎಂಬುದಷ್ಟೇ ಬೇರೆ.

ನೆಲಕ್ಕಿಳಿಸಿದ ಮೇಲೆ ಬಿಗಿಯುವುದು

ಪಟ್ಟಾದ ಎರಡೂ ತುದಿಯ ಬೋಲ್ಟುಗಳನ್ನು ಗಾಡಿ ಸ್ಟ್ಯಾಂಡಿನ ಮೇಲಿರುವಾಗಲೇ ಬಿಗಿದುಬಿಡುವುದು ಮನೆಯಲ್ಲಿ ಕೆಲಸ ಮಾಡುವವರು ಅತಿ ಹೆಚ್ಚು ಮಾಡುವ ತಪ್ಪು, ಗ್ಯಾರೇಜುಗಳಲ್ಲೂ ಅವಸರದಲ್ಲಿ ನಡೆಯುತ್ತದೆ. ರಬ್ಬರ್ ಬುಷ್ ಬೇರಿಂಗಿನಂತೆ ಜಾರಿ ತಿರುಗುವುದಿಲ್ಲ. ಒಳಗಿನ ಕೊಳವೆ ಹಿಡಿಕೆಗೆ ಕಚ್ಚಿಕೊಂಡಿರುತ್ತದೆ, ಹೊರಮೈ ಪಟ್ಟಾದ ಕಣ್ಣಿಗೆ ಕಚ್ಚಿಕೊಂಡಿರುತ್ತದೆ, ನಡುವಿನ ರಬ್ಬರು ಮಾತ್ರ ತಿರುಚಿಕೊಳ್ಳುತ್ತದೆ. ಆಕ್ಸಲ್ ತೂಗುತ್ತಿರುವಾಗ ಬಿಗಿದರೆ ಅದೇ ಅದರ ವಿಶ್ರಾಂತಿಯ ಸ್ಥಾನವಾಗುತ್ತದೆ. ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರು ತಿರುಚಿದ ಸ್ಥಿತಿಯಲ್ಲಿದ್ದು, ಪಟ್ಟಾವನ್ನು ಒಳಗಿನಿಂದ ಬಿಗಿಗೊಳಿಸಿ, ಗಾಡಿಯನ್ನು ಸುಳ್ಳು ಎತ್ತರದಲ್ಲಿ ಹಿಡಿದು, ಕೆಲವೇ ತಿಂಗಳಲ್ಲಿ ಹರಿದುಹೋಗುತ್ತದೆ.

ಆದ್ದರಿಂದ ನಾಲ್ಕೂ ಗಾಲಿಗಳನ್ನು ಹಾಕಿ ಗಾಡಿಯನ್ನು ನೆಲಕ್ಕಿಳಿಸಿ, ಇಬ್ಬರೂ ಬಂಪರಿನ ಮೇಲೆ ಹತ್ತಿ ಕುಣಿದು, ಅಂಗಳದಲ್ಲಿ ಹತ್ತಡಿ ಹಿಂದೆ ಮುಂದೆ ಓಡಿಸಿ, ಸಾಮಾನ್ಯವಾಗಿ ಹೊರುವ ಸಾಮಾನಿದ್ದರೆ ಅದನ್ನೂ ಇಟ್ಟು, ಗಾಲಿಗಳಿಗೆ ಮತ್ತೆ ಅಡೆ ಕೊಟ್ಟ ಮೇಲೆಯೇ ಆ ಎಂಟು ತುದಿಗಳನ್ನು ಟಾರ್ಕಿಗೆ ಬಿಗಿಯಬೇಕು. ಗಾಡಿಯ ಕೆಳಗೆ ಜಾಗ ಕಡಿಮೆ, ಮೊಣಕೈ ಸುಲಿಯುತ್ತದೆ, ಸಂಜೆಯಾಗಿರುತ್ತದೆ. ಆದರೂ ಇದನ್ನು ಬಿಡುವಂತಿಲ್ಲ.

ಪರೀಕ್ಷೆ

ಊರ ರಸ್ತೆಗೆ ಹೋಗುವ ಮೊದಲು ಅದೇ ಹೊಲದ ಬದುವಿನ ಮೇಲೆ ಪ್ರತಿ ಗಾಲಿಯನ್ನೂ ಸರದಿಯಲ್ಲಿ ಹತ್ತಿಸಿ, ಅಡೆ ಕೊಟ್ಟು, ಕೆಳಗಿನದನ್ನೆಲ್ಲ ನೋಡಬೇಕು. ಪೂರ್ತಿ ತೂಗಿದ ಬದಿಯಲ್ಲಿ ಬ್ರೇಕ್ ಹೋಸು ತಂತಿಯಂತೆ ಬಿಗಿದಿದ್ದರೆ ಉದ್ದದ್ದನ್ನು ಹಾಕಿಸುವವರೆಗೆ ಗಾಡಿ ದಾರಿಗಿಳಿಯಬಾರದು. ಆಕ್ಸಲ್ಲಿನ ಉಸಿರು ಕೊಳವೆಯನ್ನೂ ಹಾಗೆಯೇ ನೋಡಿ. ಮೇಲೇರಿದ ಬದಿಯಲ್ಲಿ ಟೈರು ಮಡ್‌ಗಾರ್ಡಿಗಾಗಲಿ ಪಟ್ಟಾಕ್ಕಾಗಲಿ ಉಜ್ಜುತ್ತಿದೆಯೇ, ಶಾಕ್ ಅಬ್ಸಾರ್ಬರಿಗೆ ಮುಂಚೆ ಬಂಪ್ ಸ್ಟಾಪ್ ತಗುಲುತ್ತಿದೆಯೇ, ಪ್ರೊಪೆಲ್ಲರ್ ಶಾಫ್ಟಿನ ಜಾರುವ ತುದಿ ಸಾಕಷ್ಟು ಒಳಗಿದೆಯೇ ಎಂದು ಪರೀಕ್ಷಿಸಬೇಕು. ಮೊದಲು ಬರೆದಿಟ್ಟ ಅಳತೆಯೊಂದಿಗೆ ಈಗಿನದನ್ನು ಹೋಲಿಸುವುದೂ ಈಗಲೇ.

ನಂತರ ಮುಂದಿನ ಗಾಲಿಗಳು ನೇರಕ್ಕೆ ನಿಲ್ಲುವಂತೆ ಟೋ ಅಲೈನ್‌ಮೆಂಟ್ ಮಾಡಿಸಿ, ಸ್ಟೀರಿಂಗ್ ಚಕ್ರ ನೇರವಾಗಿ ನಿಲ್ಲುತ್ತಿದೆಯೇ ನೋಡಿ, ಹೆಡ್‌ಲೈಟಿನ ದಿಕ್ಕು ಸರಿಮಾಡಬೇಕು. ಹಿಂಭಾಗ ಒಂದಿಷ್ಟು ತಗ್ಗಿದ್ದದ್ದು ಎದ್ದರೂ ಬೆಳಕು ಕೆಳಗಿಳಿಯುತ್ತದೆ. ಮೊದಲ ಓಟ ಹಳ್ಳಿ ರಸ್ತೆಯಲ್ಲಿ 40 ಕಿಲೋಮೀಟರ್ ವೇಗದೊಳಗೆ ಇರಲಿ, ಖಾಲಿ ಜಾಗದಲ್ಲಿ ಒಂದೆರಡು ಸಲ ಗಟ್ಟಿಯಾಗಿ ಬ್ರೇಕ್ ಹಿಡಿದು ಗಾಡಿ ಒಂದು ಬದಿಗೆ ಎಳೆಯುತ್ತದೆಯೇ ಗಮನಿಸಿ. ಕಲ್ಲುದಾರಿಯ ಪರೀಕ್ಷೆಗೆ ಬೆಟ್ಟದ ಸಾಲಿನ ಮೀಸಲು ಅರಣ್ಯದೊಳಗೆ ನುಗ್ಗುವುದು ಅಪರಾಧ. ಗೊತ್ತಿರುವವರ ಬೀಳು ಹೊಲವನ್ನು ಕೇಳಿ ಪಡೆಯುವುದು ಸುಲಭ.

ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, 500ರ ಹೊತ್ತಿಗೆ ಇನ್ನೊಮ್ಮೆ ಎಲ್ಲ ಯು ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಪರೀಕ್ಷಿಸಬೇಕು. ಹೊಸ ಪ್ಲೇಟುಗಳ ಬಣ್ಣ ಒತ್ತಿಕೊಂಡು ತೆಳುವಾಗುವುದರಿಂದಲೇ ಮೊದಲ ಸಲ ಅವು ಸಡಿಲವಾಗಿರುತ್ತವೆ. ಹೊಸ ಪಟ್ಟಾ ಕೆಲವು ಮಿಲಿಮೀಟರ್ ಕೂರುವುದು ಸಹಜ. ಎಡಬಲ ಸಮವಾಗಿ ಕೂತಿದ್ದರೆ ಚಿಂತೆಯಿಲ್ಲ.

ಹಳೆಯ ಪಟ್ಟಾಗಳಲ್ಲಿ ಬಿರುಕಿಲ್ಲದ ಒಂದು ಮೇನ್ ಪ್ಲೇಟನ್ನು, ಒಂದು ಸೆಂಟರ್ ಬೋಲ್ಟಿನ ಜೊತೆ ಗಾಡಿಯಲ್ಲೇ ಇಟ್ಟುಕೊಳ್ಳಬಹುದು, ದೂರದ ದಾರಿಯಲ್ಲಿ ಅದು ಬೇಕಾಗುತ್ತದೆ. ಉಳಿದದ್ದನ್ನು ಗುಜರಿಗೆ ತೂಕಕ್ಕೆ ಹಾಕುವ ಮೊದಲು ಊರಿನ ಕುಲುಮೆಯವರನ್ನು ಕೇಳಿ. ಕಮಾನ್ ಪಟ್ಟಾದ ಉಕ್ಕಿಗಿಂತ ಒಳ್ಳೆಯದು ಅವರಿಗೂ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಜಿಪ್ಸಿಯ ಎರಡು ಪ್ಲೇಟುಗಳು ಈಗ ಗೆಳೆಯನ ಮನೆಯಲ್ಲಿ ಹಿಪ್ಪುನೇರಳೆ ಕಡ್ಡಿ ಕೊಯ್ಯುವ ಕುಡುಗೋಲುಗಳಾಗಿವೆ.